ಹಳೇ ಐಪಾಡ್‌ಗೆ ಹೊಸ ಬ್ಯಾಟರಿ: ಮಳೆಗಾಲದಲ್ಲಿ ಬಿಚ್ಚಬಹುದಾ?

ಕಕ್ಕಬೆಮಳೆ | ಕಕ್ಕಬೆ | ಜೂನ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ಯಾಮೆರಾ, ರೇಡಿಯೊ ಬಿಚ್ಚಿ ಜೋಡಿಸುವವರು ತುಂಬಾ ಜನ ಇದ್ದಾರೆ ಅಂತ ಗೊತ್ತಾಗಿ ಕೇಳುತ್ತಿದ್ದೇನೆ.

ನನ್ನ ಹತ್ತಿರ ಒಂದು ಐಪಾಡ್ ಇದೆ, ಆಪಲ್ ಕಂಪನಿಯ ಹಾಡು ಕೇಳುವ ಪುಟ್ಟ ಸಾಧನ. ಐದನೇ ತಲೆಮಾರಿನದು, 30 ಜಿಬಿ, ಕಪ್ಪು ಬಣ್ಣ. 2006ರಲ್ಲಿ ಚಿಕ್ಕಪ್ಪನ ಮಗ ದುಬೈಯಿಂದ ತಂದುಕೊಟ್ಟದ್ದು. ಹಾಡು ಕೇಳಲು ಫೋನ್ ಸಾಕಲ್ವಾ ಎಂದು ಕೇಳಬೇಡಿ. ನಮ್ಮ ತೋಟದ ಕೆಳಗಿನ ಭಾಗದಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಗುಡ್ಡ ಅಡ್ಡ ನಿಂತಿದೆ. ಚಿಗುರು ತೆಗೆಯುವಾಗ, ಬೇಲಿ ನೋಡಿಕೊಂಡು ಬರುವಾಗ ಇದೊಂದೇ ಜೊತೆ. ಅದರಲ್ಲಿ ಇರುವ ಹಾಡುಗಳ ಸಿ.ಡಿ.ಗಳಿಗೆಲ್ಲ ಬೂಷ್ಟು ಹಿಡಿದು ಎಸೆದು ಎಷ್ಟೋ ವರ್ಷವಾಯಿತು.

ಈಗಿನ ತೊಂದರೆ: ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರೆ ಬೆಳಿಗ್ಗೆ ಫುಲ್ ತೋರಿಸುತ್ತದೆ. ಗೇಟು ದಾಟಿ ತೋಡಿನ ಹತ್ತಿರ ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ. ಮುಂದಿನ ಹಾಡಿಗೆ ಹಾರಿಸಿದರೆ ಆ ಕ್ಷಣವೇ ಆಫ್. ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ತೋರಿಸಿದೆ. ಆ ಹುಡುಗ ತಿರುಗಿಸಿ ನೋಡಿ, ‘ಇದಕ್ಕೆ ಸ್ಕ್ರೂವೇ ಇಲ್ಲ ಅಂಕಲ್, ಮಗನಿಗೆ ಆಟಕ್ಕೆ ಕೊಡಿ’ ಅಂದ. ನನಗೆ ಮಗನೂ ಇಲ್ಲ, ಆಟಕ್ಕೆ ಕೊಡುವ ಮನಸ್ಸೂ ಇಲ್ಲ.

ನಾನೇ ಬ್ಯಾಟರಿ ಬದಲಿಸಬಹುದಾ? ಈ ಮಳೆಯಲ್ಲಿ ಬಿಚ್ಚಿದರೆ ತೇವ ಒಳಗೆ ಹೋಗುತ್ತದಾ, ಇಲ್ಲ ಮಳೆ ಮುಗಿದು ಪುತ್ತರಿ ಹಬ್ಬ ಬರುವವರೆಗೆ ಕಾಯಬೇಕಾ?

ಹಳೇವಾಕ್‌ಮನ್ | ಮಡಿಕೇರಿ | ಜೂನ್ 12, ರಾತ್ರಿ 10.15

ಪುತ್ತರಿವರೆಗೆ ಕಾದರೆ ಬ್ಯಾಟರಿ ಉಬ್ಬಿ ಅದೇ ಬಾಗಿಲು ತೆಗೆದುಕೊಡುತ್ತದೆ.

ತಮಾಷೆ ಬಿಡಿ, ಮೊದಲು ಒಂದು ಕೆಲಸ ಮಾಡಿ. ಅದನ್ನು ಕನ್ನಡಿಯ ಮೇಲೆ ಬೆನ್ನು ಕೆಳಗೆ ಮಾಡಿ ಇಡಿ. ಅಲುಗಾಡುತ್ತದಾ? ಪರದೆಯಲ್ಲಿ ಎಲ್ಲಾದರೂ ಬಿಳಿ ಮಚ್ಚೆ ಇದೆಯಾ?

ಪಿಯುಸಿಪುಟ್ಟ | ಪೊನ್ನಂಪೇಟೆ | ಜೂನ್ 12, ರಾತ್ರಿ 10.22

ಅಣ್ಣ, ಒಂದು ಹಳೇ ಫೋನಿಗೆ ಮೆಮೊರಿ ಕಾರ್ಡ್ ಹಾಕಿ ಹಾಡು ತುಂಬಿಸಿದರೆ ಮುಗೀತಲ್ಲ. ಸಿಗ್ನಲ್ ಯಾಕೆ ಬೇಕು?

ಹಳೇವಾಕ್‌ಮನ್ | ಮಡಿಕೇರಿ | ಜೂನ್ 12, ರಾತ್ರಿ 10.25

ತಮ್ಮಾ, ಒದ್ದೆ ಕೈಯಲ್ಲಿ, ಕಿಸೆಯೊಳಗೇ, ನೋಡದೆ ಹಾಡು ಬದಲಿಸಲು ಐಪಾಡಿನ ಮುಂದಿರುವ ಆ ಒತ್ತುವ ಚಕ್ರದಷ್ಟು ಸುಖ ಯಾವ ಟಚ್ ಫೋನಿನಲ್ಲೂ ಇಲ್ಲ. ಮಳೆ ಹನಿ ಬಿದ್ದರೆ ನಿನ್ನ ಫೋನ್ ತಾನಾಗಿಯೇ ಯಾರಿಗೋ ಕರೆ ಮಾಡುತ್ತದೆ.

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 13, ಬೆಳಿಗ್ಗೆ 6.50

ಕಕ್ಕಬೆಯವರೇ, ನೀವು ಹೇಳಿದ ಲಕ್ಷಣದಲ್ಲೇ ಉತ್ತರ ಇದೆ. ‘ಹಾಡು ಹಾರಿಸಿದರೆ ಆಫ್’ ಅಂದಿರಲ್ಲ, ಅದು ಮುಖ್ಯ.

ಈ ಮಾದರಿಯಲ್ಲಿ ಹಾಡು ಇರುವುದು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ, 1.8 ಇಂಚಿನ ಪುಟ್ಟ ಡಿಸ್ಕ್. ಅದು ಯಾವಾಗಲೂ ತಿರುಗುತ್ತಾ ಇರುವುದಿಲ್ಲ. ಕೆಲವು ಹಾಡುಗಳನ್ನು ಒಟ್ಟಿಗೆ ಓದಿ 32 ಎಂಬಿ ಮೆಮೊರಿಗೆ ತುಂಬಿಸಿ ನಿಂತುಬಿಡುತ್ತದೆ. ಆಮೇಲೆ ಹಾಡು ಬರುವುದು ಆ ಮೆಮೊರಿಯಿಂದ. ನೀವು ಬೇರೆ ಹಾಡಿಗೆ ಹಾರಿದಾಗ ಡಿಸ್ಕ್ ಮತ್ತೆ ಏಳಬೇಕು. ನಿಂತ ಡಿಸ್ಕ್ ತಿರುಗಲು ಶುರುವಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ.

ವಯಸ್ಸಾದ ಲಿಥಿಯಂ ಬ್ಯಾಟರಿಯಲ್ಲಿ ಎರಡು ಆಗುತ್ತದೆ. ಹಿಡಿಯುವ ಚಾರ್ಜ್ ಕಡಿಮೆ ಆಗುತ್ತದೆ, ಒಳಗಿನ ತಡೆ ಜಾಸ್ತಿ ಆಗುತ್ತದೆ. ಆ ತಡೆಯಿಂದಾಗಿ ಒಮ್ಮೆಲೇ ಎಳೆದ ತಕ್ಷಣ ವೋಲ್ಟೇಜ್ ದೊಪ್ಪನೆ ಬೀಳುತ್ತದೆ. ಐಪಾಡ್ ‘ಖಾಲಿ’ ಎಂದು ತಿಳಿದು ಮಲಗಿಬಿಡುತ್ತದೆ. ನಮ್ಮ ಮನೆಗಳಲ್ಲಿ ಲೋ ವೋಲ್ಟೇಜ್ ಇರುವಾಗ ಮಿಕ್ಸಿ ಹಾಕಿದರೆ ಬಲ್ಬ್ ಮಂಕಾಗುವುದಿಲ್ಲವಾ, ಅದೇ ಕಥೆ.

ಖಾತ್ರಿ ಮಾಡಿಕೊಳ್ಳಲು ಚಾರ್ಜರ್‌ಗೆ ಸಿಕ್ಕಿಸಿಯೇ ಒಂದು ಗಂಟೆ ಹಾಡಿಸಿ, ಬೇಕೆಂದೇ ಹತ್ತಿಪ್ಪತ್ತು ಸಲ ಹಾರಿಸಿ. ಆಗ ಸರಿಯಾಗಿದ್ದರೆ ತಪ್ಪು ಬ್ಯಾಟರಿಯದು. ಆಗಲೂ ನಿಂತರೆ, ಕಟಕಟ ಸದ್ದು ಬಂದರೆ, ಡಿಸ್ಕ್ ಹೋಗುತ್ತಿದೆ. ಹಾಗಿದ್ದರೆ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ.

ಇದರಲ್ಲಿ ಕಂಪನಿ ತಪ್ಪೇನಿಲ್ಲ. ಐಪಾಡ್ ಬ್ಯಾಟರಿ 400 ಸಲ ಪೂರ್ತಿ ಚಾರ್ಜ್ ಆದಾಗ 80 ಶೇಕಡಾ ಉಳಿಯುವ ಹಾಗೆ ಮಾಡಿದ್ದು ಅಂತ ಅವರೇ ಹೇಳಿದ್ದಾರೆ. ನಿಮ್ಮದು ಅದನ್ನು ಯಾವಾಗಲೋ ದಾಟಿದೆ.

ಕಕ್ಕಬೆಮಳೆ | ಕಕ್ಕಬೆ | ಜೂನ್ 14, ರಾತ್ರಿ 8.05

ನಿನ್ನೆ ಇಡೀ ದಿನ ಕರೆಂಟ್ ಇರಲಿಲ್ಲ. ಇವತ್ತು ಪರೀಕ್ಷೆ ಮಾಡಿದೆ. ಚಾರ್ಜರ್‌ನಲ್ಲಿ ಇಟ್ಟು ಒಂದೂವರೆ ಗಂಟೆ ಹಾಡಿಸಿದೆ, ಮೂವತ್ತು ಸಲ ಹಾರಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಕಟಕಟ ಸದ್ದಿಲ್ಲ. ಕನ್ನಡಿ ಮೇಲೆ ಇಟ್ಟಾಗ ಸ್ವಲ್ಪ, ಬಹಳ ಸ್ವಲ್ಪ, ಅಲುಗಾಡುತ್ತದೆ. ಪರದೆಯಲ್ಲಿ ಮಚ್ಚೆ ಇಲ್ಲ.

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 14, ರಾತ್ರಿ 8.40

ಅಲುಗಾಡಿದರೆ ಉಬ್ಬಲು ಶುರುವಾಗಿದೆ. ಒಳಗಿನ ರಾಸಾಯನಿಕ ಒಡೆದು ಗ್ಯಾಸ್ ಆಗಿ ಚೀಲ ಊದಿಕೊಳ್ಳುತ್ತದೆ. ಇನ್ನು ಮೇಲೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮಲಗಬೇಡಿ. ದಿಂಬಿನ ಪಕ್ಕದಲ್ಲಂತೂ ಬೇಡವೇ ಬೇಡ.

ಮೈಸೂರಲ್ಲಿರೋಕೊಡಗು | ಮೈಸೂರು | ಜೂನ್ 14, ರಾತ್ರಿ 9.30

ಬಿಚ್ಚುವ ಮೊದಲು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎಲ್ಲರೂ ಮರೆಯುವುದು ಇದನ್ನೇ. ಸಿ.ಡಿ.ಗಳು ಹೋಗಿವೆ ಅಂದಿರಲ್ಲ, ಹಾಗಾದರೆ ನಿಮ್ಮ ಹಾಡುಗಳಿಗೆ ಈಗ ಇರುವುದು ಆ ಒಂದೇ ಡಿಸ್ಕ್.

ಕಂಪ್ಯೂಟರಿನ ಐಟ್ಯೂನ್ಸ್ ಸಾಫ್ಟ್‌ವೇರ್ ಹಾಡುಗಳನ್ನು ಐಪಾಡ್‌ಗೆ ಹಾಕುತ್ತದೆ, ವಾಪಸ್ ಕೊಡುವುದಿಲ್ಲ. ಆದರೆ ಐಪಾಡ್ ಅನ್ನು ಡಿಸ್ಕ್ ಆಗಿ ತೆರೆದು, ಅಡಗಿಸಿಟ್ಟ ಫೋಲ್ಡರ್‌ಗಳನ್ನು ತೋರಿಸು ಅಂತ ಕಂಪ್ಯೂಟರ್‌ಗೆ ಹೇಳಿದರೆ, ‘ಐಪಾಡ್ ಕಂಟ್ರೋಲ್’ ಅಂತ ಒಂದು ಫೋಲ್ಡರ್ ಕಾಣುತ್ತದೆ. ಅದರೊಳಗೆ ‘ಮ್ಯೂಸಿಕ್’. ಅದರೊಳಗೆ ಎಫ್00, ಎಫ್01 ಅಂತ ಸಾಲಾಗಿ ಫೋಲ್ಡರ್‌ಗಳು. ಹಾಡಿನ ಹೆಸರೆಲ್ಲ ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರು ಆಗಿರುತ್ತದೆ. ನೋಡಿ ಗಾಬರಿ ಆಗಬೇಡಿ. ನಿಜವಾದ ಹೆಸರು, ಹಾಡಿದವರು, ಆಲ್ಬಂ ಎಲ್ಲ ಫೈಲಿನ ಒಳಗೆ ಬರೆದಿರುತ್ತದೆ. ಸುಮ್ನೆ ಇಡೀ ಫೋಲ್ಡರ್ ನಕಲು ಮಾಡಿ ಇಟ್ಟುಕೊಳ್ಳಿ. ಆಮೇಲೆ ಯಾವ ಪ್ಲೇಯರ್‌ಗೆ ಹಾಕಿದರೂ ಹೆಸರು ಸರಿಯಾಗಿ ಬರುತ್ತದೆ.

ಏಲಕ್ಕಿಅಕ್ಕ | ಸೋಮವಾರಪೇಟೆ ಕಡೆ | ಜೂನ್ 15, ಮಧ್ಯಾಹ್ನ 2.10

ತೇವದ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಬೆಂಕಿಪೊಟ್ಟಣದಿಂದ ಹಿಡಿದು ನನ್ನ ಟ್ರಾನ್ಸಿಸ್ಟರ್‌ವರೆಗೆ ಎಲ್ಲ ಒಲೆ ಮೇಲಿನ ಅಟ್ಟದಲ್ಲಿ. ಐಪಾಡನ್ನೂ ಎರಡು ದಿನ ಅಲ್ಲಿಟ್ಟು, ಬಿಸಿಬಿಸಿ ಒಣಗಿದ ಮೇಲೆ ಬಿಚ್ಚಿದರೆ ಆಯಿತು.

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 15, ಮಧ್ಯಾಹ್ನ 2.30

ಅಕ್ಕಾ, ದಯವಿಟ್ಟು ಬೇಡ! ಟ್ರಾನ್ಸಿಸ್ಟರ್ ಬೇರೆ, ಇದು ಬೇರೆ. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದರೆ ಆಯಸ್ಸು ಕರಗಲು ಶುರು. ಒಲೆ ಅಟ್ಟದಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಅದೂ ಈಗಾಗಲೇ ಉಬ್ಬಿದ ಬ್ಯಾಟರಿ. ಅಟ್ಟದ ಜೊತೆ ಮನೆಯೂ ಹೋದೀತು.

ಒಣಗಿಸಬೇಕೆಂದರೆ ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಬಣ್ಣ ಬದಲಾಗುವ ನೀಲಿ ಕಾಳಿನದು ಸಿಕ್ಕರೆ ಒಳ್ಳೆಯದು. ತೇವ ಕುಡಿದಾಗ ಗುಲಾಬಿ ಆಗುತ್ತದೆ. ಆ ಕಾಳನ್ನು ಬೇರೆಯಾಗಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ, ಮತ್ತೆ ಬಳಸಬಹುದು. ಅಡಿಗೆಯ ಬಾಣಲೆ ಬೇಡ, ಹಳೇದೊಂದನ್ನು ಅದಕ್ಕೇ ಇಟ್ಟುಕೊಳ್ಳಿ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿ ಹಿಟ್ಟಿನ ಧೂಳು ತೂತುಗಳಿಗೆ ಸೇರುತ್ತದೆ, ಅಷ್ಟೇ ಲಾಭ.

ಮಳೆಗಾಲದಲ್ಲಿ ಬಿಚ್ಚುವುದರಿಂದ ಒಂದು ಅನುಕೂಲವೂ ಇದೆ. ಗಾಳಿಯಲ್ಲಿ ತೇವ ಇರುವಾಗ ಮೈಯಿಂದ ಚಿಟ್ ಅಂತ ಹೊಡೆಯುವ ವಿದ್ಯುತ್ತಿನ ಕಾಟ ಕಡಿಮೆ. ಜನವರಿಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಬಿಚ್ಚುವುದೇ ಜಾಸ್ತಿ ಅಪಾಯ. ಕೈ ಒಣಗಿರಲಿ, ನೆತ್ತಿಯ ಮೇಲೆ ಮಾಡು ಸೋರದಿರಲಿ, ಸಾಕು.

ಏಲಕ್ಕಿಅಕ್ಕ | ಸೋಮವಾರಪೇಟೆ ಕಡೆ | ಜೂನ್ 15, ಮಧ್ಯಾಹ್ನ 2.41

ಸರಿ ಸರಿ. ಟ್ರಾನ್ಸಿಸ್ಟರ್ ಮಾತ್ರ ಅಟ್ಟದಲ್ಲೇ ಇರುತ್ತದೆ. ಅದನ್ನು ಯಾರೂ ಕೇಳಬೇಡಿ.

ಕಕ್ಕಬೆಮಳೆ | ಕಕ್ಕಬೆ | ಜೂನ್ 16, ರಾತ್ರಿ 9.00

ಹಾಡೆಲ್ಲ ಇಳಿಸಿಕೊಂಡೆ. ಮೂರು ಗಂಟೆ ಹಿಡಿಯಿತು. ಮಧ್ಯೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮುಗಿಸಿದೆ.

ಬ್ಯಾಟರಿ ಹುಡುಕಿದರೆ ತಲೆ ತಿರುಗುತ್ತಿದೆ. ಒಂದೇ ಅಳತೆಯ ಬ್ಯಾಟರಿಗೆ ಒಬ್ಬ 450 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತಾನೆ, ಇನ್ನೊಬ್ಬ 850, ಮತ್ತೊಬ್ಬ 1200. ಬೆಲೆ ಹೆಚ್ಚುಕಡಿಮೆ ಒಂದೇ. 1200 ತೆಗೆದುಕೊಳ್ಳಲಾ?

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 17, ಬೆಳಿಗ್ಗೆ 7.10

ಬರೆಯುವುದಕ್ಕೆ ಶಾಯಿ ಸಾಕು. ಬ್ಯಾಟರಿಯ ಒಳಗೆ ಜಾಗ ಬೇಕಲ್ಲ?

ಈ ಜಾತಿಯ ಚೀಲದ ಬ್ಯಾಟರಿ ಒಂದು ಗ್ರಾಂಗೆ ಸುಮಾರು 40ರಿಂದ 50 ಎಂಎಎಚ್ ಕೊಡುತ್ತದೆ. ಅಂದರೆ ನಿಜವಾದ 1200 ಎಂಎಎಚ್ ಬ್ಯಾಟರಿ 25 ಗ್ರಾಂ ಆಸುಪಾಸು ತೂಗಬೇಕು. 450ರದ್ದು ಹತ್ತು ಗ್ರಾಂ. ಕೈಗೆ ಬಂದ ಮೇಲೆ ತೂಗಿ ನೋಡಿ, ಸುಳ್ಳು ತಾನಾಗಿ ಗೊತ್ತಾಗುತ್ತದೆ. ಕರಿಮೆಣಸು ತೂಗುವ ತಕ್ಕಡಿ ಇದಕ್ಕೆ ಆಗದು, ಚಿನ್ನದಂಗಡಿಯವರು ಪರಿಚಯ ಇದ್ದರೆ ಹೋಗಿ.

ಕೊಳ್ಳುವಾಗ ದಪ್ಪ ನೋಡಿ. 30 ಜಿಬಿ ಐಪಾಡಿನ ಬೆನ್ನು ತೆಳು, 60 ಮತ್ತು 80 ಜಿಬಿಯದು ದಪ್ಪ. ಎರಡರ ಬ್ಯಾಟರಿಯೂ ಬೇರೆ ಬೇರೆ. ದಪ್ಪದ್ದನ್ನು ತೆಳುವಿಗೆ ತುರುಕಿ ಮುಚ್ಚಿದರೆ ಅದು ಡಿಸ್ಕನ್ನು ಒತ್ತುತ್ತದೆ. ವೋಲ್ಟೇಜ್ 3.7 ಅಂತ ಬರೆದಿರಬೇಕು. 3.8 ಅಥವಾ 3.85 ಬರೆದದ್ದು ಬೇರೆ ಜಾತಿ. ಅದು 4.2ಕ್ಕಿಂತ ಮೇಲೆ ತುಂಬುವಂಥದ್ದು. ನಿಮ್ಮ ಐಪಾಡ್ 4.2ಕ್ಕೇ ನಿಲ್ಲಿಸುತ್ತದೆ, ಹಾಗಾಗಿ ಅದು ಯಾವತ್ತೂ ಪೂರ್ತಿ ತುಂಬುವುದಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ತರಿಸಿ. ಆನ್‌ಲೈನ್‌ನಲ್ಲಿ ತರಿಸಿದರೆ ಜಾಸ್ತಿ ಮಾರಾಟ ಆಗಿರುವುದನ್ನು, ಕಡಿಮೆ ಅಂಕಿ ಬರೆದದ್ದನ್ನು ತರಿಸಿ. ಬ್ಯಾಟರಿ ವಿಷಯದಲ್ಲಿ ಸಣ್ಣ ಅಂಕಿ ಬರೆದವನೇ ಸ್ವಲ್ಪ ಸತ್ಯವಂತ.

ಪಿಯುಸಿಪುಟ್ಟ | ಪೊನ್ನಂಪೇಟೆ | ಜೂನ್ 17, ಸಂಜೆ 5.45

ನಾನೂ ಒಂದು ಕೇಳಲಾ? ಮೊದಲು ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ. ಮಾವನ ಪೆಟ್ಟಿಗೆಯಲ್ಲಿ ಸಾನ್ಸಾ ಕ್ಲಿಪ್ ಪ್ಲಸ್ ಅನ್ನುವ ಒಂದು ಎಂಪಿ3 ಪ್ಲೇಯರ್ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ಇದೆ. ಅದರ ಬ್ಯಾಟರಿಗೆ ಕನೆಕ್ಟರ್ ಇಲ್ಲ, ತಂತಿಗಳನ್ನು ನೇರ ಬೋರ್ಡಿಗೆ ಬೆಸುಗೆ ಹಾಕಿದ್ದಾರೆ. ಇವತ್ತು ಕತ್ತರಿ ತಗೊಂಡು ತಂತಿಗಳನ್ನು ಒಟ್ಟಿಗೇ ಕತ್ತರಿಸಿದೆ. ಚಟ್ ಅಂತ ಕಿಡಿ ಬಂತು, ಕತ್ತರಿಯ ಬಾಯಲ್ಲಿ ಒಂದು ಕಪ್ಪು ಗುಳಿ ಬಿತ್ತು. ಪ್ಲೇಯರ್ ಸತ್ತಿತಾ?

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 17, ಸಂಜೆ 6.20

ಕಣ್ಣಿಗೆ ಏನೂ ಆಗಲಿಲ್ಲವಲ್ಲ, ಅದು ಮುಖ್ಯ.

ಕತ್ತರಿ ಲೋಹ. ಕೆಂಪು ಮತ್ತು ಕಪ್ಪು ತಂತಿ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಎರಡನ್ನೂ ಸೇರಿಸಿಬಿಡುತ್ತದೆ. ಅದು ಶಾರ್ಟ್. ಯಾವಾಗಲೂ ಒಂದೊಂದೇ ತಂತಿ. ಒಂದನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಹೊಸದು ಬೆಸುಗೆ ಹಾಕುವಾಗಲೂ ಹಾಗೆಯೇ. ಪ್ಲೇಯರ್ ಬೋರ್ಡಿಗೆ ಪೆಟ್ಟಾಗಿರುವ ಸಾಧ್ಯತೆ ಕಡಿಮೆ. ಕಿಡಿ ಹುಟ್ಟಿದ್ದು ಬ್ಯಾಟರಿಯ ಕಡೆ. ಆದರೆ ಆ ಬ್ಯಾಟರಿಯನ್ನು ಮತ್ತೆ ಬಳಸಬೇಡ.

ಕೆಲವು ಬ್ಯಾಟರಿಗೆ ಮೂರನೇ ತಂತಿಯೂ ಇರುತ್ತದೆ. ಅದು ಬಿಸಿ ಅಳೆಯುವುದಕ್ಕೆ. ಹಳೆಯದರಲ್ಲಿ ಮೂರಿದ್ದು ಹೊಸದರಲ್ಲಿ ಎರಡೇ ಇದ್ದರೆ ಪ್ಲೇಯರ್ ಚಾರ್ಜ್ ಮಾಡಲು ಒಪ್ಪದೇ ಹೋಗಬಹುದು. ಎಣಿಸಿ ನೋಡಿ ತರಿಸು. ಬೆಸುಗೆ ಹಾಕಲು ಬರದಿದ್ದರೆ ರಜೆಯಲ್ಲಿ ಕುಶಾಲನಗರಕ್ಕೆ ಬಾ, ಹತ್ತು ನಿಮಿಷದ ಕೆಲಸ. ಕಾಫಿ ನೀನೇ ಕೊಡಿಸಬೇಕು.

ಮೈಸೂರಲ್ಲಿರೋಕೊಡಗು | ಮೈಸೂರು | ಜೂನ್ 17, ರಾತ್ರಿ 10.00

ಸ್ವಲ್ಪ ವಿಷಯಾಂತರ. 1979ರಲ್ಲಿ ಬಂದ ಮೊದಲ ಸೋನಿ ವಾಕ್‌ಮನ್‌ಗೆ ಎರಡು ಪೆನ್‌ಸೆಲ್. ಕಿರಾಣಿ ಅಂಗಡಿಗೆ ಹೋದರೆ ಮುಗಿಯಿತು. ಈಗ ಎಲ್ಲ ಅಂಟು ಹಾಕಿ ಮುಚ್ಚಿ ಕೊಡುತ್ತಾರೆ. ಯುರೋಪಿನವರು 2023ರಲ್ಲಿ ಒಂದು ಕಾನೂನು ಮಾಡಿದ್ದಾರೆ. 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮಲ್ಲೂ ಬಂದರೆ ಒಳ್ಳೆಯದು.

ಹಳೇವಾಕ್‌ಮನ್ | ಮಡಿಕೇರಿ | ಜೂನ್ 17, ರಾತ್ರಿ 10.20

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದದ್ದು ಪೆನ್‌ಸೆಲ್ ರೇಡಿಯೊ ಒಂದೇ. ಮಡಿಕೇರಿ ಆಕಾಶವಾಣಿ ಕೇಳಿಕೊಂಡು ಕೂತಿದ್ದೆವು. ಫೋನ್‌ಗಳೆಲ್ಲ ಇಟ್ಟಿಗೆ. ಅವತ್ತಿನಿಂದ ನನ್ನ ಕಪಾಟಿನಲ್ಲಿ ಯಾವಾಗಲೂ ನಾಲ್ಕು ಪೆನ್‌ಸೆಲ್ ಇರುತ್ತದೆ.

ಕಕ್ಕಬೆಮಳೆ | ಕಕ್ಕಬೆ | ಜೂನ್ 28, ಸಂಜೆ 6.30

ಬ್ಯಾಟರಿ ಬಂತು. 450ರದ್ದು ಸ್ಟಾಕ್ ಇಲ್ಲ ಅಂತ ಮಾರುವವನು 850 ಬರೆದದ್ದನ್ನು ಕಳಿಸಿದ್ದಾನೆ. ನಾಪೋಕ್ಲುವಿನಲ್ಲಿ ತೂಗಿಸಿದೆ. 10.2 ಗ್ರಾಂ! ತೂಗಿದವರು ‘ಏನು ಸ್ವಾಮಿ, ಇದನ್ನು ಅಡವಿಡುತ್ತೀರಾ’ ಅಂತ ನಕ್ಕರು.

ವಾಪಸ್ ಕಳಿಸಿದರೆ ಇನ್ನೂ ಹದಿನೈದು ದಿನ. ದಪ್ಪ ಸರಿಯಾಗಿದೆ, 3.7 ಅಂತಲೇ ಇದೆ. ಹಾಕಿಬಿಡುತ್ತೇನೆ. ಬಿಚ್ಚುವುದಕ್ಕೆ ಏನು ಬಳಸಲಿ? ಜೊತೆಗೆ ಬಂದ ಎರಡು ಹಸಿರು ಪ್ಲಾಸ್ಟಿಕ್ ಕಡ್ಡಿ ನೋಡಿದರೆ ಐಸ್‌ಕ್ರೀಂ ಚಮಚ ಇದ್ದ ಹಾಗಿದೆ.

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 28, ಸಂಜೆ 7.15

10.2 ಗ್ರಾಂ ಅಂದರೆ ನಾಲ್ಕೂವರೆ ನೂರರ ಆಸುಪಾಸು. ಅವನು ಬರೆದದ್ದು ಸುಳ್ಳು, ಕಳಿಸಿದ್ದು ಸರಿಯಾದ ಮಾಲು. ಬಳಸಿ.

ಈಗ ನಿಧಾನವಾಗಿ ಓದಿ. ಐಪಾಡಿನ ಚಾರ್ಜ್ ಆದಷ್ಟು ಇಳಿಸಿ. ಖಾಲಿ ಬ್ಯಾಟರಿಗೆ ಪೆಟ್ಟಾದರೂ ಸಿಟ್ಟು ಕಡಿಮೆ. ಹೋಲ್ಡ್ ಗುಂಡಿ (ಬೇರೆ ಗುಂಡಿಗಳಿಗೆ ಬೀಗ ಹಾಕುವಂಥದ್ದು) ಆನ್ ಮಾಡಿ. ಮುಂದಿನ ಪ್ಲಾಸ್ಟಿಕ್ ಮತ್ತು ಹಿಂದಿನ ಸ್ಟೀಲ್ ಸೇರುವ ಗೆರೆ ಇದೆಯಲ್ಲ, ಪಕ್ಕದ ಉದ್ದ ಬದಿಯಲ್ಲಿ ಅಲ್ಲಿಗೆ ಕಡ್ಡಿ ತೂರಿಸಿ. ಪ್ಲಾಸ್ಟಿಕ್ ಕಡೆಗೆ ಅಲ್ಲ, ಸ್ಟೀಲ್ ಬೆನ್ನಿನ ಒಳಗೋಡೆಗೆ ತಾಗಿಕೊಂಡು ಹೋಗಬೇಕು. ಒಳಗೆ ಕೊಂಡಿಗಳಿವೆ. ಒಂದೊಂದೇ ಟಿಕ್ ಟಿಕ್ ಅಂತ ಬಿಡುತ್ತವೆ. ಚಾಕು, ಸ್ಕ್ರೂಡ್ರೈವರ್ ಬೇಡ. ಬೆನ್ನು ಬಾಗಿದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ.

ಬಿಟ್ಟುಕೊಂಡ ತಕ್ಷಣ ಪುಸ್ತಕದ ಹಾಗೆ ಪೂರ್ತಿ ಬಿಡಿಸಬೇಡಿ! ಎರಡೂ ಭಾಗದ ಮಧ್ಯೆ ಎರಡು ರಿಬ್ಬನ್ (ಚಪ್ಪಟೆ ತಂತಿ) ಇವೆ. ಒಂದು ಬ್ಯಾಟರಿಯದು, ತೆಳು, ಕಿತ್ತಳೆ ಬಣ್ಣ. ಇನ್ನೊಂದು ಇಯರ್‌ಫೋನ್ ತೂತು ಮತ್ತು ಹೋಲ್ಡ್ ಗುಂಡಿಯದು. ಬೆರಳು ಹೋಗುವಷ್ಟು ಮಾತ್ರ ತೆರೆದು, ಬ್ಯಾಟರಿ ರಿಬ್ಬನ್ ಹಿಡಿದ ಪುಟ್ಟ ಕಂದು ಬಣ್ಣದ ಕೊಂಡಿಯನ್ನು ಎರಡೂ ತುದಿಯಿಂದ ಒಂದೇ ಸಮ ಮೇಲಕ್ಕೆ ಎತ್ತಬೇಕು. ಎರಡು ಮಿಲಿಮೀಟರ್ ಎದ್ದರೆ ಸಾಕು. ಕಿತ್ತು ತೆಗೆಯುವುದಲ್ಲ. ಎದ್ದ ಮೇಲೆ ರಿಬ್ಬನ್ ತಾನಾಗಿ ಜಾರಿ ಬರುತ್ತದೆ.

ಇದೇ ಜಾಗದಲ್ಲಿ ಹತ್ತರಲ್ಲಿ ಏಳು ಜನ ಎಡವುತ್ತಾರೆ (ಲೆಕ್ಕ ನನ್ನ ಮೇಜಿನದು ಮಾತ್ರ).

ಹಳೇವಾಕ್‌ಮನ್ | ಮಡಿಕೇರಿ | ಜೂನ್ 28, ರಾತ್ರಿ 8.00

ಪ್ಲಾಸ್ಟಿಕ್ ಕಡ್ಡಿ ಮೊದಲ ಕೊಂಡಿಗೇ ಮುರಿಯುತ್ತದೆ, ಬರೆದಿಟ್ಟುಕೊಳ್ಳಿ. ಚೆನ್ನಾಗಿ ಒಣಗಿದ ಬಿದಿರಿನ ಸೀಳು ತೆಗೆದುಕೊಂಡು, ತುದಿಯನ್ನು ಉಗುರಿನಷ್ಟು ತೆಳ್ಳಗೆ ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ. ಬಾಗುತ್ತದೆ, ಮುರಿಯುವುದಿಲ್ಲ, ಗೀರುವುದಿಲ್ಲ, ಕರೆಂಟೂ ಹರಿಯುವುದಿಲ್ಲ. ನಾನು ಮೂರು ಕ್ಯಾಮೆರಾ ಬಿಚ್ಚಿದ್ದು ಅದರಲ್ಲೇ.

ಕಕ್ಕಬೆಮಳೆ | ಕಕ್ಕಬೆ | ಜೂನ್ 30, ರಾತ್ರಿ 8.50

ಬಿಚ್ಚಿದೆ. ಹಸಿರು ಕಡ್ಡಿ ಎರಡೂ ಮುರಿಯಿತು. ಬಿದಿರು ಗೆದ್ದಿತು. ಕಿತ್ತಳೆ ರಿಬ್ಬನ್ ಬಿಡಿಸಲು ಹೋದೆ, ಕಂದು ಕೊಂಡಿ ಒಂದು ಕಡೆ ಎದ್ದು ಇನ್ನೊಂದು ಕಡೆ ಎದ್ದಿಲ್ಲ. ಎಳೆದೆ. ಈಗ ಕೊಂಡಿ ಪೂರ್ತಿ ಕೈಗೇ ಬಂದಿದೆ!! ಜೋಳದ ಕಾಳಿನ ಸಿಪ್ಪೆಯಷ್ಟಿದೆ. ಕರೆಂಟ್ ಹೋಗಿದೆ. ಟಾರ್ಚ್ ಹಿಡಿದುಕೊಂಡು ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಏನು ಮಾಡಲಿ?

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 30, ರಾತ್ರಿ 8.58

ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಲೋಟ ಬೋರಲು ಹಾಕಿ. ಇವತ್ತಿಗೆ ನಿಲ್ಲಿಸಿ. ಹಗಲು ಬೆಳಕಲ್ಲಿ ಮಾಡಿ.

ಬೆಸುಗೆಕಡ್ಡಿ | ಕುಶಾಲನಗರ | ಜೂನ್ 30, ರಾತ್ರಿ 9.10

ಕೊಂಡಿ ಮುರಿದಿರದಿದ್ದರೆ ಚಿಂತೆ ಇಲ್ಲ. ಬೆಳಿಗ್ಗೆ ಅದನ್ನು ಬಂದ ದಾರಿಯಲ್ಲೇ, ಎರಡೂ ಕಾಲು ಕನೆಕ್ಟರಿನ ಸೀಳಿಗೆ ಸೇರುವ ಹಾಗೆ ಅರ್ಧ ಮಾತ್ರ ಕೂರಿಸಿ. ಆಮೇಲೆ ಹೊಸ ರಿಬ್ಬನ್ ತೂರಿಸಿ, ನೇರ ಇದೆಯಾ ನೋಡಿ, ಕೊನೆಗೆ ಕೊಂಡಿ ಒತ್ತಿ. ಈ ಕ್ರಮ ಮಾತ್ರ ತಪ್ಪಿಸಬೇಡಿ.

ಹಳೇ ಬ್ಯಾಟರಿ ಸ್ಟೀಲ್ ಬೆನ್ನಿಗೆ ಅಂಟಿಕೊಂಡಿರುತ್ತದೆ. ಉಬ್ಬಿದೆ ಅಂದಿರಲ್ಲ, ಅದನ್ನು ಮೀಟಿ ಎಬ್ಬಿಸಬೇಡಿ. ಮೀನು ಹಿಡಿಯುವ ಗಾಳದ ದಾರ ಇದ್ದರೆ ಅದನ್ನು ಕೆಳಗೆ ತೂರಿಸಿ ಗರಗಸದ ಹಾಗೆ ಹಿಂದೆ ಮುಂದೆ ಎಳೆಯಿರಿ, ಅಂಟು ಬಿಡುತ್ತದೆ. ಬಿಡದಿದ್ದರೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಹೊಗೆ ಬಂದರೆ ಮರಳಿಗೆ ಹಾಕಿ, ನೀವು ಹೊರಗೆ ಹೋಗಿ.

ಕಕ್ಕಬೆಮಳೆ | ಕಕ್ಕಬೆ | ಜುಲೈ 1, ಮಧ್ಯಾಹ್ನ 1.20

ಆಯಿತು! ಕೊಂಡಿ ಕೂತಿತು. ಗಾಳದ ದಾರ ಅಂದರೆ ನಮ್ಮೂರಲ್ಲಿ ಕೊರತೆಯೇ? ಐದು ನಿಮಿಷದಲ್ಲಿ ಹಳೇ ಬ್ಯಾಟರಿ ಕೈಗೆ ಬಂತು. ಹಪ್ಪಳದ ಹಾಗೆ ಉಬ್ಬಿದೆ. ಐಪಾಡ್ ಆನ್ ಆಗಿ ಸೇಬಿನ ಚಿತ್ರ ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಅಂತ ಹೇಳಿದ್ದೇನೆ.

ಆದರೆ ಈಗ ಹಾಡು ಎಡಗಿವಿಗೆ ಮಾತ್ರ ಬರುತ್ತಿದೆ. ಇಯರ್‌ಫೋನ್ ಬದಲಿಸಿ ನೋಡಿದೆ, ಅದೇ. ಇನ್ನೊಂದು ವಿಚಿತ್ರ: ಹೋಲ್ಡ್ ಗುಂಡಿ ತೆಗೆದರೂ ಪರದೆಯಲ್ಲಿ ಬೀಗದ ಚಿತ್ರ ಕೆಲವು ಸಲ ಹೋಗುವುದಿಲ್ಲ.

ಹಳೇವಾಕ್‌ಮನ್ | ಮಡಿಕೇರಿ | ಜುಲೈ 1, ಮಧ್ಯಾಹ್ನ 1.45

ತೂತಿನಲ್ಲಿ ಧೂಳು ಇರಬೇಕು. ಹತ್ತಿಕಡ್ಡಿ ಹಾಕಿ ತಿರುಗಿಸಿ.

ಬೆಸುಗೆಕಡ್ಡಿ | ಕುಶಾಲನಗರ | ಜುಲೈ 1, ಮಧ್ಯಾಹ್ನ 2.30

ಧೂಳಾದರೆ ಬೀಗದ ಚಿತ್ರಕ್ಕೂ ಅದಕ್ಕೂ ಏನು ಸಂಬಂಧ, ಅಣ್ಣ? ಇಯರ್‌ಫೋನ್ ತೂತು, ಹೋಲ್ಡ್ ಗುಂಡಿ ಎರಡೂ ಒಂದೇ ರಿಬ್ಬನ್‌ನಲ್ಲಿವೆ. ಎರಡೂ ಒಟ್ಟಿಗೆ ಹಟ ಮಾಡುತ್ತಿವೆ ಅಂದರೆ ರಿಬ್ಬನ್ ಓರೆಯಾಗಿದೆ. ಬಿಚ್ಚುವಾಗ ಎಳೆತಕ್ಕೆ ಅರ್ಧ ಜಾರಿದೆ. ಮತ್ತೆ ಬಿಚ್ಚಿ, ಆ ಕನೆಕ್ಟರಿನ ಮುಚ್ಚಳ ಎತ್ತಿ, ರಿಬ್ಬನ್ ನೇರ ಒಳಕ್ಕೆ ತಳ್ಳಿ, ಮುಚ್ಚಳ ಹಾಕಿ. ಹರಿದಿದ್ದರೆ ಆ ತುಂಡು ಬೇರೆಯಾಗಿ ಸಿಗುತ್ತದೆ.

ಮುಚ್ಚುವ ಮೊದಲು ಹಾಡಿಸಿ ನೋಡಬೇಕು ಅಂತ ಹೇಳಲು ಮರೆತೆ. ನನ್ನದೇ ತಪ್ಪು.

ಹಳೇವಾಕ್‌ಮನ್ | ಮಡಿಕೇರಿ | ಜುಲೈ 1, ಮಧ್ಯಾಹ್ನ 2.36

ಒಪ್ಪಿದೆ ಮಾರಾಯ.

ಏಲಕ್ಕಿಅಕ್ಕ | ಸೋಮವಾರಪೇಟೆ ಕಡೆ | ಜುಲೈ 1, ಸಂಜೆ 4.00

ಆ ಉಬ್ಬಿದ ಹಪ್ಪಳ ಏನು ಮಾಡಿದಿರಿ? ತೋಟದ ಕಸದ ಗುಂಡಿಗೆ ಹಾಕಿ ಬೆಂಕಿ ಕೊಟ್ಟೀರಿ ಮತ್ತೆ.

ಮೈಸೂರಲ್ಲಿರೋಕೊಡಗು | ಮೈಸೂರು | ಜುಲೈ 1, ಸಂಜೆ 5.10

ಅಕ್ಕ ಕೇಳಿದ್ದು ಒಳ್ಳೆಯದಾಯಿತು. ಬೆಂಕಿಗೆ ಬಿದ್ದರೆ ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ. ಹೂಳಿದರೆ ಮಣ್ಣಿಗೆ. ತೋಡಿಗೆ ಎಸೆದರೆ ಕಾವೇರಿಗೆ. ಗಾಳಿ ಬಿಡಿಸುತ್ತೇನೆ ಅಂತ ಸೂಜಿಯಿಂದ ಚುಚ್ಚುವ ಬುದ್ಧಿವಂತರೂ ಇದ್ದಾರೆ, ಅದಂತೂ ಬೆಂಕಿಗೆ ಆಹ್ವಾನ.

ರಿಬ್ಬನ್ ತುದಿಗೆ ಟೇಪ್ ಹಾಕಿ, ಮಣ್ಣಿನ ಕುಡಿಕೆಯಲ್ಲಿ ಒಣ ಮರಳು ತುಂಬಿ ಅದರಲ್ಲಿಡಿ. ಮನೆಯ ಹೊರಗೆ, ಮಳೆ ಬೀಳದ ಜಾಗದಲ್ಲಿರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ನಾನು ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಕುಡಿಕೆ ಸಮೇತ ಕೊಡಿ, ಇಲ್ಲಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಮುಟ್ಟಿಸುತ್ತೇನೆ. ಪುಟ್ಟನ ಸಾನ್ಸಾ ಬ್ಯಾಟರಿಯೂ ಇರಲಿ.

ಕಕ್ಕಬೆಮಳೆ | ಕಕ್ಕಬೆ | ಜುಲೈ 5, ರಾತ್ರಿ 9.15

ರಿಬ್ಬನ್ ಹರಿದಿರಲಿಲ್ಲ, ಓರೆಯಾಗಿತ್ತು ಅಷ್ಟೇ. ಎರಡೂ ಕಿವಿಗೆ ಹಾಡು ಬಂತು, ಬೀಗ ಹೋಯಿತು.

ಹೊಸ ಬ್ಯಾಟರಿಯನ್ನು ಮೊದಲ ಸಲ 24 ಗಂಟೆ ಚಾರ್ಜ್ ಮಾಡಬೇಕು ಅಂತ ಅಂಗಡಿಯವರು ಹೇಳುತ್ತಿದ್ದರು. ಬೆಸುಗೆಕಡ್ಡಿಯವರಿಗೆ ಫೋನ್ ಮಾಡಿ ಕೇಳಿದೆ, ನಕ್ಕರು. ಅದು ನಿಕ್ಕಲ್ ಬ್ಯಾಟರಿ ಕಾಲದ ಮಾತಂತೆ. ತುಂಬಿದಾಗ ತೆಗೆದರೆ ಆಯಿತು. ಸೊನ್ನೆವರೆಗೆ ಇಳಿಸುವ ಅಭ್ಯಾಸವೂ ಬೇಡ ಅಂದರು. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ಇಡಬೇಕಂತೆ.

ಇವತ್ತು ಬೆಳಿಗ್ಗೆ ಫುಲ್ ಮಾಡಿ, ಪರದೆಯ ಬೆಳಕು ಆಫ್ ಇಟ್ಟು, ಹಾರಿಸದೆ ಹಾಡಿಸಿದೆ. 11 ಗಂಟೆ 20 ನಿಮಿಷ ಓಡಿತು. ಹೊಸತರಲ್ಲಿ ಇದಕ್ಕೆ 14 ಗಂಟೆ ಅಂತ ಹೇಳಿದ್ದರು. ತೋಟ ಮೂರು ಸುತ್ತು ಬಂದರೂ ಮಿಗುತ್ತದೆ.

ಪಿಯುಸಿಪುಟ್ಟ | ಪೊನ್ನಂಪೇಟೆ | ಜುಲೈ 5, ರಾತ್ರಿ 9.40

ಸೂಪರ್ ಅಣ್ಣ! ಒಳ್ಳೆ ಕ್ವಾಲಿಟಿಯ ದೊಡ್ಡ ಫೈಲ್ ಹಾಕಿದರೂ ಅಷ್ಟೇ ಹೊತ್ತು ಬರುತ್ತದಾ?

ಬೆಸುಗೆಕಡ್ಡಿ | ಕುಶಾಲನಗರ | ಜುಲೈ 5, ರಾತ್ರಿ 10.05

ಬರುವುದಿಲ್ಲ. 32 ಎಂಬಿ ಮೆಮೊರಿಯಲ್ಲಿ ಸಣ್ಣ ಎಂಪಿ3 ಆದರೆ ಏಳೆಂಟು ಹಿಡಿಯುತ್ತದೆ. ಲಾಸ್‌ಲೆಸ್ ಅನ್ನುವ ದೊಡ್ಡ ಫೈಲ್ ಒಂದು ಹಿಡಿದರೆ ಜಾಸ್ತಿ. ಪ್ರತಿ ಹಾಡಿಗೂ ಡಿಸ್ಕ್ ಏಳಬೇಕು, ಬ್ಯಾಟರಿ ಬೇಗ ಖಾಲಿ. ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕುವ ಅಡಾಪ್ಟರ್ ಸಿಗುತ್ತದೆ, ಆಗ ಈ ಸಮಸ್ಯೆ ಇಲ್ಲ. ಡಿಸ್ಕಿನ ಜಾಗ ಖಾಲಿಯಾಗುವುದರಿಂದ ದೊಡ್ಡ ಬ್ಯಾಟರಿಯೂ ಹಿಡಿಯುತ್ತದೆ. ಆದರೆ ಕಕ್ಕಬೆಯವರೇ, ಡಿಸ್ಕ್ ಚೆನ್ನಾಗಿ ಓಡುವವರೆಗೆ ಮುಟ್ಟಬೇಡಿ.

ಕಕ್ಕಬೆಮಳೆ | ಕಕ್ಕಬೆ | ಜುಲೈ 5, ರಾತ್ರಿ 10.12

ಮುಟ್ಟುವುದಿಲ್ಲ. ಹೆಂಡತಿ ಟಾರ್ಚ್ ಹಿಡಿಯುವುದಿಲ್ಲ ಅಂದಿದ್ದಾಳೆ.

ಪಿಯುಸಿಪುಟ್ಟ | ಪೊನ್ನಂಪೇಟೆ | ಜುಲೈ 6, ಬೆಳಿಗ್ಗೆ 8.00

ಅಣ್ಣ, ಆ ಬಿದಿರು ಕಡ್ಡಿ ಇದೆಯಾ? ಕ್ಲಿಪ್ ಪ್ಲಸ್ ಮುಚ್ಚಳದ ಒಂದು ಮೂಲೆಯಲ್ಲಿ ಕೊಂಡಿ ಇನ್ನೂ ಸಿಕ್ಕಿಕೊಂಡಿದೆ. ನಮ್ಮಲ್ಲಿ ಬಿದಿರು ಎಲ್ಲ ಮಳೆಗೆ ನೆಂದು ಹಸಿಯಾಗಿದೆ.

ಕಕ್ಕಬೆಮಳೆ | ಕಕ್ಕಬೆ | ಜುಲೈ 6, ಬೆಳಿಗ್ಗೆ 8.20

ಎರಡು ಇವೆ. ಒಂದನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಗಂಟೆಗೆ ಇಸಿದುಕೊ. ಕವರಿನ ಮೇಲೆ ‘ಪುಟ್ಟ, ಕಡ್ಡಿ’ ಅಂತ ಬರೆದಿರುತ್ತದೆ.